ಉಪ್ಪಾಗೆ ಗುಳಿಗೆ ಮತ್ತು ಎರಡು ಸಂದರ್ಶನಗಳು

ಕಳೆದ ಎರಡು ತಿಂಗಳಲ್ಲಿ ನಾನು ನಮ್ಮ ಜಿಲ್ಲೆಯ ಕರಾವಳಿಯಲ್ಲಿರುವ ಎರಡು ಪ್ರಕೃತಿ ಚಿಕಿತ್ಸಾ ಕೇಂದ್ರಗಳಿಗೆ ಕೆಲಸ ಕೇಳಿಕೊಂಡು ಹೋಗಿ ಬಂದೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಬಿ.ಎನ್.ವೈ.ಎಸ್. (ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ) ಪದವಿ, ಆಮೇಲೆ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಆರು ವರ್ಷದ ಅನುಭವ, ಇಷ್ಟು ನನ್ನ ಬಂಡವಾಳ. ಅಪ್ಪಯ್ಯನಿಗೆ ಮೊಣಕಾಲು ನೋವು ಹೆಚ್ಚಿ ತೋಟಕ್ಕೆ ಇಳಿಯುವುದೇ ಕಷ್ಟವಾದ ಮೇಲೆ, ವಾರಕ್ಕೊಮ್ಮೆಯಾದರೂ ದೇವಿಮನೆ ಘಟ್ಟ ಹತ್ತಿ ಶಿರಸಿಯ ಮನೆ ಸೇರಬಹುದಾದಷ್ಟು ಹತ್ತಿರ ಬಂದರೆ ಸಾಕು ಎನ್ನಿಸಿತ್ತು.

ಆಸ್ಪತ್ರೆಯಿಂದ ರೆಸಾರ್ಟಿಗೆ ಹೋಗುವವರು ಗಮನಿಸಬೇಕಾದ ಮೊದಲ ಸಂಗತಿಯೆಂದರೆ, ಅಲ್ಲಿ ರೋಗಿಗಳಿರುವುದಿಲ್ಲ, ಅತಿಥಿಗಳಿರುತ್ತಾರೆ. ಮಣ್ಣಿನ ಪಟ್ಟಿ, ಕಟಿಸ್ನಾನ, ಎನಿಮಾ, ಹಣ್ಣಿನ ರಸದ ಉಪವಾಸ ಎಲ್ಲವೂ ಅವೇ. ಆದರೆ ರೋಗಿಗೆ ‘ಇದು ನಿಮಗೆ ಬೇಡ’ ಎಂದು ಹೇಳುವಷ್ಟು ಸಲೀಸಾಗಿ ಅತಿಥಿಗೆ ಹೇಳಲಾಗುವುದಿಲ್ಲ, ಏಕೆಂದರೆ ಅವರು ಏಳು ದಿನದ ಪ್ಯಾಕೇಜಿನ ಹಣ ಮೊದಲೇ ಕಟ್ಟಿರುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಆದರೆ ಇಡೀ ಸಂದರ್ಶನ ‘ಅತಿಥಿ’ ಎಂಬ ಈ ಒಂದೇ ಶಬ್ದದ ಸುತ್ತ ತಿರುಗೀತು ಎಂದು ಅಂದಾಜಿರಲಿಲ್ಲ.

ಮೊದಲನೆಯ ಕಡೆ ಮೇಜಿನಾಚೆ ಮೂವರಿದ್ದರು: ಕೇಂದ್ರದ ಹಿರಿಯ ವೈದ್ಯರು, ವ್ಯವಸ್ಥಾಪಕರು, ಮತ್ತು ಲ್ಯಾಪ್‌ಟಾಪ್ ಪರದೆಯಲ್ಲಿ ಬೆಂಗಳೂರಿನಿಂದ ಮಾರ್ಕೆಟಿಂಗ್‌ನವರೊಬ್ಬರು. ಹಿರಿಯ ವೈದ್ಯರ ಪ್ರಶ್ನೆಗಳು ನೇರವಾಗಿದ್ದವು. ಜಲನೇತಿಗೆ, ಅಂದರೆ ಉಪ್ಪುನೀರಿನಿಂದ ಮೂಗು ತೊಳೆಯುವುದಕ್ಕೆ, ಎಷ್ಟು ಉಪ್ಪು ಎಂದು ಕೇಳಿದರು. ಕುದಿಸಿ ಆರಿಸಿದ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಸುಮಾರು 9 ಗ್ರಾಂ, ಅಂದರೆ ನಮ್ಮ ರಕ್ತದ ಲವಣಾಂಶಕ್ಕೆ ಹೊಂದುವಷ್ಟು, ಅದಕ್ಕಿಂತ ತೀರಾ ಕಡಿಮೆಯಾದರೂ ಹೆಚ್ಚಾದರೂ ಮೂಗು ಉರಿಯುತ್ತದೆ ಎಂದೆ. ‘ಚಮಚದ ಲೆಕ್ಕದಲ್ಲಿ ಹೇಳಿ’ ಎಂದರು. ಯಾವ ಉಪ್ಪು ಎಂಬುದರ ಮೇಲೆ ಹೋಗುತ್ತದೆ, ಸಾಣಿಕಟ್ಟಾದ ಹರಳುಪ್ಪನ್ನು ಅಳೆದ ಚಮಚಕ್ಕೂ ಅಂಗಡಿಯ ಪುಡಿ ಉಪ್ಪನ್ನು ಅಳೆದ ಚಮಚಕ್ಕೂ ತೂಕ ಒಂದೇ ಬರುವುದಿಲ್ಲ, ಆದ್ದರಿಂದ ನಾನು ಒಮ್ಮೆ ತಕ್ಕಡಿಯಲ್ಲಿ ತೂಗಿ ಆಮೇಲೆ ಚಮಚಕ್ಕೆ ಗುರುತು ಹಾಕಿಕೊಳ್ಳುತ್ತೇನೆ ಎಂದಾಗ ಅವರು ಮೊದಲ ಬಾರಿಗೆ ಕಾಗದದಿಂದ ತಲೆಯೆತ್ತಿ ನೋಡಿದರು. ಮುಂದೆ ಬಿಸಿನೀರಿನ ಸ್ನಾನ ಯಾರಿಗೆ ಕೊಡಬಾರದು ಎಂಬುದು ಬಂತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ ಮಾಡುತ್ತೇನೆಂದು ಹಟ ಹಿಡಿದರೆ ಏನು ಮಾಡುತ್ತೀರಿ ಎಂಬುದೂ ಬಂತು. ಅವರ ವೈದ್ಯರೊಡನೆ ಮಾತಾಡದೆ ಪ್ರಮಾಣ ಬದಲಿಸುವುದಿಲ್ಲ, ಉಪವಾಸವನ್ನಂತೂ ಮಾಡಿಸುವುದಿಲ್ಲ, ಊಟವಿಲ್ಲದ ಹೊಟ್ಟೆಯಲ್ಲಿ ಇನ್ಸುಲಿನ್ ಕೆಲಸ ಮಾಡಿದರೆ ರಾತ್ರಿ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು ಎಂದು ಹೇಳಿದೆ.

ಆಮೇಲೆ ಚಿಕಿತ್ಸಾ ಕೊಠಡಿಗೆ ಕರೆದೊಯ್ದು ಹೊಟ್ಟೆಗೆ ಮಣ್ಣಿನ ಪಟ್ಟಿ ಕಟ್ಟಿ ತೋರಿಸಿ ಎಂದರು. ವೈದ್ಯರಿಂದ ಇದನ್ನು ಮಾಡಿಸಿ ನೋಡುವವರು ಕಡಿಮೆ, ಈ ವಿಷಯದಲ್ಲಿ ಆ ಕೇಂದ್ರದ ಬಗ್ಗೆ ನನಗೆ ಗೌರವವಿದೆ. ಬಕೆಟ್ಟಿನಲ್ಲಿ ನೆನೆಹಾಕಿದ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಉಜ್ಜಿ ನೋಡಿದಾಗ ಚಿರೇಕಲ್ಲಿನ ಸಣ್ಣ ಹರಳು ಕೈಗೆ ಸಿಕ್ಕಿತು. ಚಿಕಿತ್ಸೆಗೆ ಬಳಸುವ ಮಣ್ಣನ್ನು ಗೊಬ್ಬರ, ಔಷಧಿ ಬೀಳದ ಜಾಗದಲ್ಲಿ ಮೂರು ನಾಲ್ಕು ಅಡಿ ಕೆಳಗಿನಿಂದ ತೆಗೆದು, ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದು ನೆನೆಸಬೇಕು. ಕರಾವಳಿಯ ಮಳೆಗಾಲದಲ್ಲಿ ಬಿಸಿಲಿಗೆ ಒಣಗಿಸುವುದು ಎಂಬ ಮಾತಿಗೇ ಅರ್ಥವಿಲ್ಲ, ಆದ್ದರಿಂದ ಮೇ ತಿಂಗಳೊಳಗೆ ವರ್ಷಕ್ಕಾಗುವಷ್ಟು ಒಣಗಿಸಿ ಚೀಲ ಕಟ್ಟಿಡಬೇಕಾಗುತ್ತದೆ. ನಾನು ಒದ್ದೆ ಬಟ್ಟೆಯ ಮೇಲೆ ಮಣ್ಣನ್ನು ಅಂಗುಲ ದಪ್ಪಕ್ಕೆ ಹರಡುತ್ತಿದ್ದಾಗ, ಎಂಟು ವರ್ಷದಿಂದ ಅಲ್ಲಿಯೇ ಇರುವ ಸಹಾಯಕಿಯೊಬ್ಬರು ಪಕ್ಕದಲ್ಲಿ ನಿಂತು ಮೆಲ್ಲಗೆ ‘ಡಾಕ್ಟ್ರೆ, ಅಂಚು ಒಳಗೆ ಮಡಚಿ, ಇಲ್ಲದಿದ್ರೆ ಹಾಸಿಗೆಯೆಲ್ಲ ಕೆಸರಾಗ್ತದೆ’ ಎಂದರು. ಮಡಚಿದೆ. ಆರು ವರ್ಷದಲ್ಲಿ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಕೆಸರಾದ ಹಾಸಿಗೆಗಳನ್ನು ಒಗೆಯುವವರು ಬೇರೆ ಯಾರೋ ಇದ್ದರು.

ಮತ್ತೆ ಕೋಣೆಗೆ ಬಂದಾಗ ಪರದೆಯಲ್ಲಿದ್ದವರು ಮಾತು ಆರಂಭಿಸಿದರು. ವ್ಯವಸ್ಥಾಪಕರು ಮೇಜಿನ ಮೇಲೆ ಹಸಿರು ಮುಚ್ಚಳದ ಡಬ್ಬಿಯೊಂದನ್ನು ಇಟ್ಟರು. ಕೇಂದ್ರದ್ದೇ ಹೆಸರಿನ, ಬೊಜ್ಜು ಕರಗಿಸುವ ‘ನೈಸರ್ಗಿಕ’ ಗುಳಿಗೆ. ಲೇಬಲ್ಲಿನಲ್ಲಿ ಗಾರ್ಸಿನಿಯಾ ಕಾಂಬೋಜಿಯಾ ಎಂದಿತ್ತು. ‘ಮೊದಲ ದಿನದ ಸಮಾಲೋಚನೆಯಲ್ಲಿ ಇದನ್ನು ಅತಿಥಿಗೆ ಹೇಗೆ ಪರಿಚಯಿಸುತ್ತೀರಿ ಮೇಡಂ?’ ಎಂದು ಕೇಳಿದರು. ಸಂಬಳದ ಜೊತೆಗೆ ಮಾರಾಟದ ಮೇಲೆ ಶೇಕಡಾವಾರು ಲಾಭಾಂಶವೂ ಇದೆ ಎಂದು ಸೇರಿಸಿದರು.

ಗಾರ್ಸಿನಿಯಾ ಕಾಂಬೋಜಿಯಾ ಎಂದರೆ ಬೇರೇನಲ್ಲ, ನಮ್ಮ ಉಪ್ಪಾಗೆ. ಇವತ್ತಿನ ಶಾಸ್ತ್ರೀಯ ಹೆಸರು ಗಾರ್ಸಿನಿಯಾ ಗಮ್ಮಿ-ಗಟ್ಟ. ನಾನು ಹುಟ್ಟಿ ಬೆಳೆದದ್ದು ಆ ಹಣ್ಣಿನ ಹೊಗೆಯಲ್ಲಿ. ಹಣ್ಣಾಗುವುದು ಸುರಿಯುವ ಮಳೆಯಲ್ಲಿ, ಬಿಸಿಲೆಂಬುದು ಇಲ್ಲ, ಹಾಗಾಗಿ ಕಾಡಿನಿಂದ ತಂದ ಹಣ್ಣನ್ನು ಒಡೆದು, ಬೀಜ ಬೇರೆ ಮಾಡಿ, ಸಿಪ್ಪೆಯನ್ನು ಒಲೆಯ ಮೇಲಿನ ತಟ್ಟಿಯಲ್ಲಿ ಹರಡಿ ಕಟ್ಟಿಗೆ ಬೆಂಕಿಯಲ್ಲಿ ಕಪ್ಪಾಗುವ ತನಕ ಒಣಗಿಸುತ್ತಾರೆ. ಜುಲೈ ತಿಂಗಳಲ್ಲಿ ನಮ್ಮ ಶಾಲೆಯ ಅರ್ಧ ಮಕ್ಕಳ ಅಂಗಿಯಿಂದ ಅದೇ ವಾಸನೆ ಬರುತ್ತಿತ್ತು. ಬೀಜದಿಂದ ತೆಗೆದ ತುಪ್ಪ ದೋಸೆಗೆ, ಸಿಪ್ಪೆ ಸಾರಿನ ಹುಳಿಗೆ. 1990ರ ದಶಕದಲ್ಲಿ ಅದರ ಸಾರಕ್ಕೆ ವಿದೇಶದಲ್ಲಿ ಬೇಡಿಕೆ ಬಂದು ದರ ಏರಿದಾಗ, ಹಣ್ಣಿಗಾಗಿ ಕೊಂಬೆಗಳನ್ನೇ ಕಡಿದ ಕಾಲವೂ ಬಂತು.

ಆ ಬೇಡಿಕೆಯ ಮೂಲ, ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಪಿಷ್ಟವನ್ನು ಕೊಬ್ಬಾಗಿ ಬದಲಿಸುವ ಕಿಣ್ವವೊಂದನ್ನು ಅದು ತಡೆಯುತ್ತದೆ ಎಂಬುದು ಇಲಿಗಳ ಮೇಲಿನ ಪ್ರಯೋಗಗಳಿಂದ ಹುಟ್ಟಿದ ಆಸೆ. ಮನುಷ್ಯರಲ್ಲಿ ಏನಾಯಿತು ಎಂಬುದಕ್ಕೆ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವನ್ನು ನಾನು ಅವರಿಗೆ ಹೇಳಿದೆ. ಸ್ಥೂಲಕಾಯದ 135 ಮಂದಿಗೆ 12 ವಾರ ಒಂದೇ ಬಗೆಯ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು, ಒಂದು ಗುಂಪಿಗೆ ಉಪ್ಪಾಗೆಯ ಸಾರವನ್ನೂ ಇನ್ನೊಂದು ಗುಂಪಿಗೆ ಸಾರವಿಲ್ಲದ ಹುಸಿಗುಳಿಗೆಯನ್ನೂ ಕೊಟ್ಟಿದ್ದರು. ಸಾರ ತೆಗೆದುಕೊಂಡವರು ಸರಾಸರಿ 3.2 ಕಿಲೊ ಇಳಿದರು, ಹುಸಿಗುಳಿಗೆಯವರು 4.1 ಕಿಲೊ. ಆ ಅಂತರಕ್ಕೂ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಬೆಲೆಯಿರಲಿಲ್ಲ, ಅಂದರೆ ಇಳಿಸಿದ್ದು ಊಟದ ನಿಯಂತ್ರಣವೇ ಹೊರತು ಗುಳಿಗೆಯಲ್ಲ. ಈ ಸಾರವಿರುವ ಗುಳಿಗೆ ತೆಗೆದುಕೊಂಡ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಜೊತೆಗೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ, ತನ್ನ ಅನುಸೂಚಿಯಲ್ಲಿ ಪಟ್ಟಿ ಮಾಡಿದ 54 ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನೇ ನಿಷೇಧಿಸಿದೆ, ಆ ಪಟ್ಟಿಯಲ್ಲಿ ಮಧುಮೇಹದ ಜೊತೆ ಬೊಜ್ಜೂ ಇದೆ.

‘ಉಪ್ಪಾಗೆ ಹುಳಿಯ ಸಾರನ್ನು ಮಧ್ಯಾಹ್ನ ಊಟಕ್ಕೆ ಬಡಿಸಿ, ರುಚಿಯಾಗಿರುತ್ತದೆ ಎಂದು ಧಾರಾಳವಾಗಿ ಹೇಳುತ್ತೇನೆ, ಗುಳಿಗೆಯ ಬಗ್ಗೆ ಹೇಳಲಾರೆ’ ಎಂದುಬಿಟ್ಟೆ. ಹೇಳಿದ ಧಾಟಿ ಸ್ವಲ್ಪ ಒರಟಾಯಿತೇನೋ ಎಂದು ಬಸ್ಸಿನಲ್ಲಿ ಅನ್ನಿಸಿತು. ಹಿರಿಯ ವೈದ್ಯರು ಏನೂ ಹೇಳದೆ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದರು. ‘ತಿಳಿಸುತ್ತೇವೆ’ ಎಂದರು, ತಿಳಿಸಲಿಲ್ಲ.

ಎರಡನೆಯದು ಗೋಕರ್ಣದ ಹತ್ತಿರ. ಚಿಕ್ಕ ಜಾಗ, ಹದಿನಾರು ಕೊಠಡಿ. ನೇತಿಯ ಬಗ್ಗೆಯಾಗಲಿ ಮಣ್ಣಿನ ಬಗ್ಗೆಯಾಗಲಿ ಒಂದು ಪ್ರಶ್ನೆಯೂ ಬರಲಿಲ್ಲ, ಅದು ನನಗೆ ಸ್ವಲ್ಪ ನಿರಾಸೆಯನ್ನೇ ಉಂಟುಮಾಡಿತು. ಬದಲಿಗೆ ಮಾಲಕರು ಕೇಳಿದ್ದು, ‘ಯಾರನ್ನಾದರೂ ಚಿಕಿತ್ಸೆ ಕೊಡದೆ ವಾಪಸ್ ಕಳಿಸಿದ್ದೀರಾ?’ ಎಂದು. ಹಿಂದಿನ ಕೆಲಸದಲ್ಲಿ ಒಂದು ಬೆಳಿಗ್ಗೆ ಎಡಭುಜ ನೋಯುತ್ತಿದೆ, ಎಣ್ಣೆ ಹಚ್ಚಿ ತಿಕ್ಕಿಸಿ ಎಂದು ಬಂದ ಐವತ್ತರ ಹರೆಯದವರ ಹಣೆಯ ಬೆವರು ನೋಡಿ, ಮಸಾಜಿನ ಕೋಣೆಗೆ ಬಿಡದೆ ಆಂಬುಲೆನ್ಸ್ ಕರೆಸಿದ್ದನ್ನು ಹೇಳಿದೆ. ಅದು ಹೃದಯಾಘಾತವೇ ಆಗಿತ್ತು.

‘ಇಲ್ಲಿ ಹಾಗಾದರೆ ಎಲ್ಲಿಗೆ ಕಳಿಸುತ್ತೀರಿ?’ ಎಂಬುದು ಅವರ ಮುಂದಿನ ಪ್ರಶ್ನೆ. ನಮ್ಮ ಜಿಲ್ಲೆಯವರಿಗೆ ಇದು ಪರೀಕ್ಷೆಯ ಪ್ರಶ್ನೆಯಲ್ಲ, ದಿನನಿತ್ಯದ ಸಂಕಟ. ಹತ್ತಿರಕ್ಕೆ ಕುಮಟಾದ ತಾಲೂಕು ಆಸ್ಪತ್ರೆ, ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅದಕ್ಕೂ ಮೀರಿದರೆ ಮಣಿಪಾಲ, ಮಂಗಳೂರು ಅಥವಾ ಗೋವಾ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು 66ನೇ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದಾದಾಗ ಕಾರವಾರದ ದಾರಿಯೂ ಇರಲಿಲ್ಲ. ಆದ್ದರಿಂದ ಹೃದಯದ ತೊಂದರೆಯ ಇತಿಹಾಸವಿರುವವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಉಪವಾಸದ ಪ್ಯಾಕೇಜು ಕೊಡಬಾರದು, ಬುಕಿಂಗ್ ಸಮಯದಲ್ಲಿಯೇ ಕೇಳಿ ತಿಳಿದುಕೊಳ್ಳಬೇಕು ಎಂದೆ. ಮಳೆಗಾಲದಲ್ಲಿ ಬರುವವರೇ ಕಡಿಮೆ, ಇನ್ನೂ ಕಡಿಮೆಯಾಗುತ್ತಾರೆ ಎಂದು ಮಾಲಕರು ನಕ್ಕರು, ಆದರೆ ಬರೆದುಕೊಂಡರು.

ಸಂಬಳ 38 ಸಾವಿರ, ಊಟ ವಸತಿ ಅವರದು. ಮೊದಲನೆಯವರು ಹೇಳಿದ್ದಕ್ಕಿಂತ ಹನ್ನೆರಡು ಸಾವಿರ ಕಡಿಮೆ. ನೇಮಕಾತಿ ಪತ್ರದಲ್ಲಿ, ಯಾವುದೇ ಉತ್ಪನ್ನದ ಮಾರಾಟಕ್ಕೂ ನನ್ನ ಸಂಬಳಕ್ಕೂ ಸಂಬಂಧವಿಲ್ಲ ಎಂಬ ಒಂದು ಸಾಲು ಸೇರಿಸಿ ಎಂದು ಕೇಳಿದೆ. ತಾವು ಮಾರುವುದು ಜೇನುತುಪ್ಪ ಒಂದನ್ನೇ ಎಂದು ಹೇಳಿ ಆ ಸಾಲನ್ನು ಸೇರಿಸಿ ಕಳಿಸಿದರು.

ರಾತ್ರಿ ಮನೆ ಮುಟ್ಟಿದಾಗ ಆಯಿ ಬಾಗಿಲಲ್ಲೇ ‘ಹೆಂಗಾತೇ ಕೂಸೇ, ಸಂಬಳ ಎಷ್ಟಡ?’ ಎಂದು ಕೇಳಿದಳು. ಹೇಳಿದೆ. ಬೇಜಾರಾಯಿತೆಂದು ಕಾಣುತ್ತದೆ, ಒಳಗೆ ಹೋಗಿ ಬಡಿಸಲು ಶುರುಮಾಡಿದಳು. ಅಪ್ಪಯ್ಯ ಜಗಲಿಯಲ್ಲಿ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕುಳಿತಿದ್ದರು. ಗುಳಿಗೆಯ ಕಥೆಯನ್ನೆಲ್ಲ ಕೇಳಿ, ಆ ಡಬ್ಬಿಗೆ ಎಷ್ಟು ರೂಪಾಯಿ ಎಂದು ವಿಚಾರಿಸಿದರು. ಅರುವತ್ತು ಗುಳಿಗೆಗೆ 1,450 ಎಂದೆ. ‘ಹಂಗಾದ್ರೆ ನಮ್ಮ ಅಟ್ಟದ ಮೇಲೆ ಎಷ್ಟು ಡಬ್ಬಿ ಆಗ್ತು?’ ಎಂದು ಕೇಳಿ, ತಾವೇ ಬೆರಳು ಮಡಚಿ ಲೆಕ್ಕ ಹಾಕತೊಡಗಿದರು.