ಬೀಟಲ್ ಎಂಜಿನ್ ಕೇಸ್‌ಗೆ ಬಿದ್ದ ಬಿರುಕು

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ ಬಿಚ್ಚಿದಾಗ ಮೊದಲು ಕಣ್ಣಿಗೆ ಬಿದ್ದಿದ್ದು ಸೀಲೆಂಟ್, ಅಂದರೆ ಸೋರಿಕೆ ತಡೆಯುವ ಅಂಟು. ಫ್ಲೈವೀಲ್ (ಎಂಜಿನ್‌ನ ಭಾರದ ಚಕ್ರ) ಇರುವ ಕಡೆ, ಮೂರನೇ ಸಿಲಿಂಡರ್‌ನ ಬುಡದಲ್ಲಿ ಹಿಂದೆ ಯಾರೋ ದಪ್ಪಗೆ ಮೆತ್ತಿದ್ದರು. ಈ ಎಂಜಿನ್‌ನಲ್ಲಿ ಬಿರುಕು ಹುಡುಕುವವರು ಮೊದಲು ನೋಡುವ ಜಾಗವೂ ಅದೇ.

ಕೇಸ್ ಅಂದರೆ ಎಂಜಿನ್‌ನ ಹೊರಕವಚ. ಅದು ಮೆಗ್ನೀಸಿಯಂ ಮಿಶ್ರಲೋಹದ್ದು, ಎರಡು ಹೋಳು. ಕ್ರ್ಯಾಂಕ್ (ಎಂಜಿನ್‌ನ ಮುಖ್ಯ ತಿರುಗುವ ದಂಡ) ಬೇರಿಂಗ್ ಕೂರುವ ತೂತಿನ ಅರ್ಧ ಒಂದರಲ್ಲಿ, ಇನ್ನರ್ಧ ಇನ್ನೊಂದರಲ್ಲಿ. ಎರಡನ್ನೂ ಜೋಡಿಸಿಯೇ ಬೋರ್ ಮಾಡಿರುತ್ತಾರೆ, ಅಂದರೆ ತೂತನ್ನು ಅಳತೆಗೆ ಕೊರೆದಿರುತ್ತಾರೆ. ಒಂದು ಹಾಳಾಯಿತೆಂದು ಬೇರೆ ಎಂಜಿನ್‌ನ ಹೋಳು ತಂದು ಸುಮ್ನೆ ಕೂರಿಸಲು ಆಗುವುದಿಲ್ಲ. ಅದಕ್ಕೇ ಈ ಕೇಸ್ ಉಳಿಯಬೇಕು ಅಂತ ನನಗೆ ಅಷ್ಟು ಆಸೆ.

ಸೀಲೆಂಟ್ ಕೆರೆದು, ಎಣ್ಣೆ ಜಿಡ್ಡೆಲ್ಲ ತೊಳೆದು, ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣದ ದ್ರವ, ಡೈ ಪೆನೆಟ್ರೆಂಟ್, ಹೊಡೆದೆ. ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಮೇಲೆ ಆ ಬಣ್ಣವನ್ನು ಹೊರಗೆಳೆಯುವ ಬಿಳಿ ಡೆವಲಪರ್ ಹಾಕಿದೆ. ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಮೆಲ್ಲಗೆ ಮೂಡಿ, ಅಂಚಿನಲ್ಲಿ ಅಗಲವಾಯಿತು. ಅದು ಹೊರಗೋಡೆಯಲ್ಲೇ ನಿಂತಿತ್ತು. ಬೇರಿಂಗ್ ಹೊರುವ ಅಡ್ಡಗೋಡೆಗೆ ಹೋಗಿದ್ದರೆ ನಾನು ಈ ಕೇಸ್ ಕೈಬಿಡುತ್ತಿದ್ದೆ. ಹೊಡೆತ ತಿನ್ನುವ ಜಾಗದ ವೆಲ್ಡ್ ಮೇಲೆ ನನಗೆ ನಂಬಿಕೆ ಇಲ್ಲ.

ಆದರೂ ವೆಲ್ಡಿಂಗ್‌ಗೆ ಕಳಿಸುವ ಮೊದಲು ಅಳತೆ ಆಗಬೇಕು ಅಲ್ವಾ? ಉಳಿದದ್ದೆಲ್ಲ ಸವೆದಿದ್ದರೆ ವೆಲ್ಡಿಂಗ್ ದುಡ್ಡು ದಂಡ. ಬೇರಿಂಗ್ ಇಲ್ಲದೆ ಎರಡೂ ಹೋಳು ಕೂಡಿಸಿ, ದೊಡ್ಡ ನಟ್‌ಗಳನ್ನು 34 ನ್ಯೂಟನ್ ಮೀಟರ್‌ಗೆ ಬಿಗಿದು, ತೂತಿನ ಒಳಅಳತೆ ತೋರಿಸುವ ಬೋರ್ ಗೇಜ್ ಇಳಿಸಿದೆ. 65 ಮಿಮೀ ಇರಬೇಕಾದ ತೂತು ಮಧ್ಯದ ಬೇರಿಂಗ್ ಹತ್ತಿರ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಸಿಲಿಂಡರ್ ಬಿಗಿಯುವ ಸ್ಟಡ್‌ಗಳು (ತಲೆಯಿಲ್ಲದ ಬೋಲ್ಟ್‌ಗಳು) ಕೂರುವ ಕೆಲವು ತೂತುಗಳ ಥ್ರೆಡ್‌ಗಳೂ ಕಿತ್ತು ಬಂದಿದ್ದವು. ಇವೆರಡಕ್ಕೂ ದಾರಿ ಇದೆ: 0.5 ಮಿಮೀ ಹೆಚ್ಚಿಗೆ ಲೈನ್ ಬೋರ್ (ಬೇರಿಂಗ್ ತೂತುಗಳನ್ನೆಲ್ಲ ಒಂದೇ ಸಾಲಿನಲ್ಲಿ ಕೊರೆಯುವುದು), ಸ್ಟಡ್‌ಗಳಿಗೆ ಉಕ್ಕಿನ ಇನ್ಸರ್ಟ್ (ತೂತಿನಲ್ಲಿ ಕೂರಿಸುವ ಹೊಸ ಥ್ರೆಡ್).

ವೆಲ್ಡರ್ ಮೊದಲು ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದರು, ಅದು ಮುಂದಕ್ಕೆ ಹರಿಯದಿರಲಿ ಎಂದು. ಆಮೇಲೆ ಉದ್ದಕ್ಕೂ V ಆಕಾರದಲ್ಲಿ ಗ್ರೈಂಡ್ ಮಾಡಿದರು. ಮೆಗ್ನೀಸಿಯಂ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕುವಂತಿಲ್ಲ, ಉರಿ ಇನ್ನೂ ಜಾಸ್ತಿಯಾಗುತ್ತದೆ. ಪಕ್ಕದಲ್ಲಿ ಒಣಮರಳು ಇಟ್ಟುಕೊಂಡೇ ಕೆಲಸ. ಕೇಸ್ ಬಿಸಿ ಮಾಡಿದಾಗ ಲೋಹದ ಒಳಗಿಂದ ಹಳೆ ಎಣ್ಣೆ ಬೆವರಿನ ಹಾಗೆ ಹೊರಬಂತು. ಒರೆಸಿದರು, ಮತ್ತೆ ಬಿಸಿ ಮಾಡಿದರು, ಮತ್ತೆ ಒರೆಸಿದರು. ಅದು ಪೂರ್ತಿ ನಿಂತ ಮೇಲೆಯೇ ಟಿಗ್ (ವಿದ್ಯುತ್ ವೆಲ್ಡಿಂಗ್‌ನ ಒಂದು ವಿಧ) ಟಾರ್ಚ್ ಹಚ್ಚಿದ್ದು. ಆ ತಾಳ್ಮೆ ನೋಡಿ ನನಗೆ ಧೈರ್ಯ ಬಂತು.

ಲೈನ್ ಬೋರ್ ಮಾಡಿಸಿದ್ದು ವೆಲ್ಡ್ ಆದ ಮೇಲೆಯೇ. ವೆಲ್ಡಿಂಗ್ ಶಾಖಕ್ಕೆ ಕೇಸ್ ಸೊಟ್ಟಗಾಗಬಹುದು, ಮೊದಲೇ ಬೋರ್ ಮಾಡಿಸಿದ್ದರೆ ಅದು ಕೆಡುತ್ತಿತ್ತು. ವಾಪಸ್ ಬಂದ ಮೇಲೆ ಮತ್ತೊಮ್ಮೆ ಡೈ ಹೊಡೆದು ನೋಡಿದೆ, ಕೆಂಪು ಗೆರೆ ಇಲ್ಲ. ಈಗ ದೊಡ್ಡದಾದ ತೂತಿಗೆ ಹೊಂದುವ 0.5 ಮಿಮೀ ಓವರ್‌ಸೈಜ್ ಬೇರಿಂಗ್ ಹಾಕುತ್ತಿದ್ದೇನೆ. ಇನ್ನೊಮ್ಮೆ ಸವೆದರೂ 1 ಮಿಮೀವರೆಗೆ ಬೋರ್ ಮಾಡಲು ಈ ಕೇಸ್‌ನಲ್ಲಿ ಲೋಹ ಉಳಿದಿದೆ.