ಚೀನಾದಿಂದ ಸ್ಯಾಂಪಲ್ ತರಿಸಬೇಕು, ದುಡ್ಡು ಕಳಿಸಿಬಿಡ್ಲಾ?

ಮನೆಯಲ್ಲೇ ಶಾಂಪೂ, ಲೋಷನ್, ಹ್ಯಾಂಡ್‌ವಾಶ್ ತಯಾರಿಸಿ ಮಾರುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಚೀನಾದ ಸಪ್ಲೈಯರ್ ಪಂಪ್ ಬಾಟಲ್ ಸ್ಯಾಂಪಲ್ ಫ್ರೀ ಕಳಿಸ್ತೀನಿ ಅಂತಾನೆ, ಕೊರಿಯರ್ ದುಡ್ಡು ಕೊಟ್ಟರೆ ಸಾಕಂತೆ. ಕಳಿಸಿಬಿಡ್ಲಾ?’

ಈಗಲೇ ಬೇಡ. ಫ್ರೀ ಬಂದರೂ ಅದು ಆಮದೇ. ಮುಂದೆ ಐದು ಸಾವಿರ ಬಾಟಲ್ ಬರುವಾಗ ಎಲ್ಲಿ ತೊಡಕಾಗಬಹುದು ಎಂಬುದು ಆರು ಬಾಟಲ್ ಬರುವಾಗಲೇ ಗೊತ್ತಾಗಬೇಕು, ಸ್ಯಾಂಪಲ್ ತರಿಸುವುದೇ ಅದಕ್ಕೆ. ಹಾಗಾಗಿ ದೊಡ್ಡ ಆರ್ಡರ್‌ಗೆ ಮಾಡುವುದನ್ನೆಲ್ಲ ಇದಕ್ಕೂ ಮಾಡಿ.

ಮೊದಲು ನೋಡಬೇಕಾದ್ದು, ಆ ಮಾಲು ಒಳಗೆ ಬರಬಹುದೇ ಎಂದು. ಖಾಲಿ ಪ್ಲಾಸ್ಟಿಕ್ ಬಾಟಲ್‌ನ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಮಾಲಿನ ಬಗೆ ಗುರುತಿಸುವ ಸಂಖ್ಯೆ) 3923 30. ಪಂಪ್ ಬೇರೆ ಪ್ಯಾಕಿನಲ್ಲಿ ಬಂದರೆ ಅದರ ಕೋಡ್ ಬೇರೆಯಾಗಬಹುದು. ಕೋಡ್ ಗೊತ್ತಾದರೆ ಸುಂಕದ ದರ, ಬೇಕಾದ ಪರವಾನಗಿ ಎರಡೂ ಗೊತ್ತಾಗುತ್ತವೆ. ಬಾಟಲ್ ಜೊತೆಗೆ ಗಿಫ್ಟ್ ಸೆಟ್‌ಗೆಂದು ಸ್ಟೀಲ್ ಫ್ಲಾಸ್ಕನ್ನೂ ಸೇರಿಸಿ ಎಂದು ಸಪ್ಲೈಯರ್‌ಗೆ ಹೇಳುವವರು ಜಾಸ್ತಿ. ಇನ್ಸುಲೇಟೆಡ್ ಫ್ಲಾಸ್ಕ್‌ಗಳಿಗೆ 2023ರ ಗುಣಮಟ್ಟ ನಿಯಂತ್ರಣ ಆದೇಶದಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ, ಆಟಿಕೆಗಳಿಗೆ 2021ರ ಜನವರಿಯಿಂದಲೇ ಕಡ್ಡಾಯ. ಬ್ಲೂಟೂತ್ ಇರುವ ವಸ್ತುವಿಗೆ ದೂರಸಂಪರ್ಕ ಇಲಾಖೆಯ ಅನುಮೋದನೆ ಬೇಕು. ಲಿಥಿಯಂ ಬ್ಯಾಟರಿಗೆ ಸಾಗಣೆ ಸುರಕ್ಷತೆಯ ಯುಎನ್ 38.3 ಪರೀಕ್ಷೆಯ ವರದಿ ಇಲ್ಲದಿದ್ದರೆ ಕೊರಿಯರ್‌ನವರು ಅಲ್ಲೇ ನಿಲ್ಲಿಸುತ್ತಾರೆ. ‘ಒಂದೇ ಪೀಸ್, ಸ್ಯಾಂಪಲ್’ ಎಂದ ಮಾತ್ರಕ್ಕೆ ಇವು ತಾವಾಗಿ ಮಾಫಿ ಆಗುವುದಿಲ್ಲ. ಅಂಥ ಒಂದು ವಸ್ತುವಿನಿಂದ ಇಡೀ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಎರಡನೆಯದು ಐಇಸಿ, ಅಂದರೆ ಆಮದು-ರಫ್ತು ಮಾಡುವವರಿಗೆ ಕೊಡುವ ಕೋಡ್. ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಪೋರ್ಟಲ್‌ನಲ್ಲಿ 500 ರೂಪಾಯಿ ಕಟ್ಟಿ ಮನೆಯಿಂದಲೇ ಮಾಡಿಸಬಹುದು. ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್ ಆಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ದೃಢೀಕರಿಸಬೇಕು, ಏನೂ ಬದಲಾಗದಿದ್ದರೂ ಸರಿ. ಮರೆತರೆ ಐಇಸಿ ನಿಷ್ಕ್ರಿಯವಾಗುತ್ತದೆ, ಅದು ಗೊತ್ತಾಗುವುದು ಸಾಮಾನ್ಯವಾಗಿ ಪಾರ್ಸೆಲ್ ಬೆಂಗಳೂರು ತಲುಪಿದ ಮೇಲೆ. ಐಇಸಿ ರಗಳೆ ಯಾಕೆ, ಸ್ವಂತ ಬಳಕೆಗೆ ಎಂದು ನನ್ನ ಹೆಸರಲ್ಲೇ ತರಿಸಿಬಿಡ್ತೀನಿ ಅನ್ನುವವರಿಗೆ ನನ್ನ ಉತ್ತರ ಖಂಡಿತ ಬೇಡ ಎಂದೇ. ವ್ಯಾಪಾರದ ಮಾಲನ್ನು ಹಾಗೆ ಘೋಷಿಸುವುದೇ ತಪ್ಪು, ಜಿಎಸ್‌ಟಿ ಕ್ರೆಡಿಟ್ಟೂ (ಇಲ್ಲಿ ಕಟ್ಟಿದ್ದನ್ನು ಮುಂದೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯುವ ಅವಕಾಶ) ಹೋಗುತ್ತದೆ.

ಇನ್ನು ಇನ್‌ವಾಯ್ಸ್. ಹೆಚ್ಚಿನ ಪಾರ್ಸೆಲ್ ಕೆಡುವುದು ಇಲ್ಲಿ. ಸಪ್ಲೈಯರ್ ಸಹಾಯ ಮಾಡುವ ಉತ್ಸಾಹದಲ್ಲಿ ‘ಗಿಫ್ಟ್, 2 ಡಾಲರ್’ ಎಂದು ಬರೆಯುತ್ತಾನೆ. ಕಸ್ಟಮ್ಸ್ ಅಧಿಕಾರಿ ಆ ಬೆಲೆ ಒಪ್ಪದೆ ಪುರಾವೆ ಕೇಳಿದರೆ ಪಾರ್ಸೆಲ್ ನಿಲ್ಲುತ್ತದೆ, ಸ್ಟೋರೇಜ್ ಬಾಡಿಗೆ ಏರುತ್ತದೆ, ದಂಡ ಬೀಳುವುದು ಆಮದುದಾರನಾದ ನಿಮಗೆ, ಅವನಿಗಲ್ಲ. ಫ್ರೀ ಕೊಟ್ಟಿದ್ದರೂ ವಸ್ತುವಿಗೆ ನ್ಯಾಯವಾದ ಬೆಲೆ ಬರೆದಿರಬೇಕು. ‘250 ಮಿ.ಲೀ. ಖಾಲಿ ಪೆಟ್ ಬಾಟಲ್, ಪಂಪ್ ಸಹಿತ, 6 ಪೀಸ್, ಮಾರಾಟಕ್ಕಲ್ಲದ ಸ್ಯಾಂಪಲ್’ ಎಂಬಷ್ಟು ಸ್ಪಷ್ಟ ವಿವರಣೆ, ಪ್ರತಿ ಪೀಸಿನ ದರ, ಕರೆನ್ಸಿ, ಎಚ್‌ಎಸ್ ಕೋಡ್, ತಯಾರಾದ ದೇಶ, ನಿಮ್ಮ ಐಇಸಿ ಮತ್ತು ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಎಲ್ಲ ಇರಲಿ. ಸಾಗಣೆ ವೆಚ್ಚವನ್ನು ಬೇರೆ ಸಾಲಿನಲ್ಲೇ ಬರೆಸಿ. ಪಾರ್ಸೆಲ್ ಅಲ್ಲಿಂದ ಹೊರಡುವ ಮೊದಲೇ ಇನ್‌ವಾಯ್ಸ್‌ನ ಪಿಡಿಎಫ್ ತರಿಸಿಕೊಂಡು ಓದಿ, ಆಮೇಲೆ ಕಳಿಸು ಎನ್ನಿ.

ಸಾಗಣೆ ಬೇರೆ ಸಾಲಿನಲ್ಲಿರಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸ್ಯಾಂಪಲ್‌ನಲ್ಲಿ ವಸ್ತುವಿಗಿಂತ ಕೊರಿಯರ್ ದುಬಾರಿ. ಆದರೆ ವಿಮಾನದಲ್ಲಿ ಬರುವ ಮಾಲಿಗೆ ಸುಂಕ ಲೆಕ್ಕ ಹಾಕುವಾಗ ಸಾಗಣೆ ವೆಚ್ಚವನ್ನು ಎಫ್‌ಒಬಿ ಬೆಲೆಯ (ಸಾಗಣೆ, ವಿಮೆ ಸೇರದ ಬೆಲೆ) ಶೇ. 20ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಬಾಟಲ್‌ಗಳ ಬೆಲೆ 4,000 ರೂಪಾಯಿ, ಕೊರಿಯರ್ 5,000 ಎಂದುಕೊಳ್ಳಿ. ಸುಂಕಕ್ಕೆ ಸೇರುವ ಸಾಗಣೆ 800 ಮಾತ್ರ. ವಿಮೆಯ ಮೊತ್ತ ಗೊತ್ತಿಲ್ಲದಿದ್ದರೆ ಶೇ. 1.125ರಂತೆ 45. ಒಟ್ಟು 4,845. ಮೂಲ ಸುಂಕ ಶೇ. 10 ಇದ್ದರೆ 484.50, ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್ 48.45, ಇಷ್ಟನ್ನೂ ಕೂಡಿಸಿದ ಮೊತ್ತಕ್ಕೆ ಶೇ. 18ರ ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ) 968. ಎಲ್ಲ ಸೇರಿ ಸುಮಾರು 1,500. ಕೊರಿಯರ್ ವೆಚ್ಚವನ್ನು ಪೂರ್ತಿ ಸೇರಿಸಿಬಿಟ್ಟರೆ ಇದೇ 2,800 ಆಗುತ್ತದೆ. ಐಜಿಎಸ್‌ಟಿಯನ್ನು ಜಿಎಸ್‌ಟಿ ನೋಂದಣಿ ಇರುವವರು ಕ್ರೆಡಿಟ್ ಪಡೆಯಬಹುದು, ಆದರೆ ಗಿರಾಕಿಗಳಿಗೆ ಪುಕ್ಕಟೆ ಹಂಚಿದ ಮಾಲಿಗೆ ಸಿಗದು. ವಾಣಿಜ್ಯ ಸ್ಯಾಂಪಲ್‌ಗೆ ಸುಂಕ ವಿನಾಯಿತಿ ಇದೆ, ಷರತ್ತುಗಳೂ ಇವೆ. ಕೊರಿಯರ್‌ನವರನ್ನು ಮೊದಲೇ ಕೇಳಿ, ಸಿಕ್ಕರೆ ಒಳ್ಳೆಯದು. ಬಜೆಟ್ ಮಾತ್ರ ಸುಂಕ ಸೇರಿಸಿಯೇ ಹಾಕಿ.

ಕೊರಿಯರ್ ಬಿಲ್ ಏರುವುದು ತೂಕದಿಂದಲ್ಲ, ಗಾತ್ರದಿಂದ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 40×30×30ರ ಡಬ್ಬಿಯಲ್ಲಿ ಖಾಲಿ ಬಾಟಲ್‌ಗಳು ಎರಡು ಕೆಜಿಯೂ ತೂಗದಿದ್ದರೂ ಬಿಲ್ ಆಗುವುದು 7.2 ಕೆಜಿಗೆ. 30×20×20ರ ಡಬ್ಬಿಯಾದರೆ 2.4 ಕೆಜಿ. ಪ್ಯಾಕ್ ಆದ ಡಬ್ಬಿಯ ಅಳತೆ ಕೇಳಿಯೇ ದರಕ್ಕೆ ಒಪ್ಪಿಕೊಳ್ಳಿ. ‘ಎಲ್ಲ ಸೇರಿ ಮನೆ ಬಾಗಿಲಿಗೆ’ ಎನ್ನುವ, ಸುಂಕವನ್ನೂ ಸಪ್ಲೈಯರೇ ಕಟ್ಟುವ ಡಿಡಿಪಿ ದರ ಆಕರ್ಷಕವಾಗಿ ಕಾಣುತ್ತದೆ. ಅದರಲ್ಲಿ ನಿಮ್ಮ ಹೆಸರಿನ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆ) ಸಿಗದಿರಬಹುದು, ಏನೆಂದು ಘೋಷಿಸಿದರೆಂಬುದೂ ತಿಳಿಯದು. ನಾನಂತೂ ಯಾರಿಗೂ ಅದನ್ನು ಹೇಳುವುದಿಲ್ಲ.

ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಬಿಲ್ ಆಫ್ ಎಂಟ್ರಿಯ ಪ್ರತಿಯನ್ನು ಬ್ಯಾಂಕಿಗೆ ತಲುಪಿಸುವುದೂ ನಿಮ್ಮ ಕೆಲಸ. ಮೊತ್ತ ಸಣ್ಣದೆಂದು ಬಿಟ್ಟರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಬಾಕಿ ಉಳಿದು, ದೊಡ್ಡ ಆರ್ಡರ್‌ನ ಅಡ್ವಾನ್ಸ್ ಕಳಿಸುವ ದಿನ ಅಡ್ಡ ಬರಬಹುದು.

ಬಾಟಲ್ ಕೈಗೆ ಬಂತು. ಒಂದನ್ನು ಮುಟ್ಟದೆ ಎತ್ತಿಡಿ. ಉಳಿದದ್ದರ ಮೇಲೆ ಪರೀಕ್ಷೆ. ಕತ್ತಿನ ಅಳತೆ 24/410 ಎಂದಿದ್ದರೆ 24 ಅಂದರೆ ಮಿ.ಮೀ. ವ್ಯಾಸ, 410 ಅಂದರೆ ತಿರುಪಿನ ಬಗೆ. 24/415ರ ತಿರುಪು ಇನ್ನೂ ಎತ್ತರ, ಅದಕ್ಕೆ 410ರ ಪಂಪ್ ಸರಿಯಾಗಿ ಕೂರದು. ನಾಳೆ ಪಂಪ್ ಬೇರೆಡೆಯಿಂದ ಕೊಳ್ಳಬೇಕಾದರೆ ಈ ಎರಡು ಸಂಖ್ಯೆಗಳೇ ಆಧಾರ. ನೀರು ತುಂಬಿಸಿ ಪರೀಕ್ಷಿಸಬೇಡಿ, ನಿಮ್ಮ ಶಾಂಪೂವನ್ನೇ ತುಂಬಿಸಿ: ನೀರು ಸೋರದ ಸಂದಿಯಲ್ಲೂ ನೊರೆಯ ಪದಾರ್ಥ ಜಿನುಗುತ್ತದೆ. ಟಿಶ್ಯೂ ಮೇಲೆ ಒಂದು ದಿನ ಅಡ್ಡ ಮಲಗಿಸಿ ನೋಡಿ. ಪಂಪನ್ನು ಹತ್ತು ಸಲ ಒತ್ತಿ ಬಂದದ್ದನ್ನು ತೂಗಿ, 2 ಮಿ.ಲೀ. ಪಂಪ್ ಆದರೆ ಸುಮಾರು 20 ಗ್ರಾಂ ಬರಬೇಕು. ಒಳಗಿನ ಕೊಳವೆ ಗಿಡ್ಡವಾಗಿದ್ದರೆ ತಳದಲ್ಲಿ ಶಾಂಪೂ ಉಳಿದು ಗಿರಾಕಿ ಬೈಯುತ್ತಾರೆ. ತುಂಬಿದ ಬಾಟಲನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿ. ಬಿಸಿಯಾಗಿ ತುಂಬುವ ಪದಾರ್ಥವಿದ್ದರೆ ಪೆಟ್ ಸೊಟ್ಟಗಾಗುತ್ತದೆಯೇ ನೋಡಿಕೊಳ್ಳಿ. ಎಸೆನ್ಶಿಯಲ್ ಆಯಿಲ್ ಇದ್ದರೆ ತುಂಬಿಸಿ ಒಂದು ತಿಂಗಳು ಬಿಡಿ, ಬಿರುಕು ಬರುವುದು ಆಮೇಲೆಯೇ.

ಕೊನೆಗೆ, ಖಾಲಿ ಬಾಟಲನ್ನು 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಸ್ಯಾಂಪಲ್ 28 ಗ್ರಾಂ ಇದ್ದು ದೊಡ್ಡ ಆರ್ಡರ್ 23 ಗ್ರಾಂ ಬಂದರೆ ಫೋಟೋದಲ್ಲಿ ಎರಡೂ ಒಂದೇ; ಹಿಂಡಿದರೆ ಗೋಡೆ ಒಳಗೆ ಹೋಗುತ್ತದೆ, ಲೇಬಲ್ ಸುಕ್ಕುಗಟ್ಟುತ್ತದೆ. ಎತ್ತಿಟ್ಟ ಬಾಟಲ್‌ಗೆ ತಾರೀಖು ಹಾಕಿ ಸಹಿ ಮಾಡಿ ಸೀಲ್ ಮಾಡಿ. ‘ಒಪ್ಪಿಗೆಯಾದ ಸ್ಯಾಂಪಲ್‌ನಂತೆಯೇ, ತೂಕ 28 ಗ್ರಾಂ, ಹೆಚ್ಚುಕಡಿಮೆ 1 ಗ್ರಾಂ, ಕತ್ತು 24/410’ ಎಂದು ಪರ್ಚೇಸ್ ಆರ್ಡರ್‌ನಲ್ಲಿ ಬರೆಯಿರಿ. ಅಡ್ವಾನ್ಸ್ ಶೇ. 30 ಕೊಟ್ಟು ಉಳಿದ 70 ಕಳಿಸುವ ಮುನ್ನ, ಬೇರೆ ಬೇರೆ ಡಬ್ಬಿಗಳಿಂದ ಹತ್ತು ಬಾಟಲ್ ತೆಗೆದು ತಕ್ಕಡಿಯ ಮೇಲಿಟ್ಟ ವೀಡಿಯೊ ಕೇಳಿ.