‘ಎಷ್ಟು ದಿನ ಉಪವಾಸ ಮಾಡಲಿ?’ ಎಂದು ಕೇಳುವವರಿಗೆಲ್ಲ

ಪಥ್ಯಾಹಾರದ ಸಲಹೆ ನೀಡುವುದು ನನ್ನ ವೃತ್ತಿಯೆಂದು ತಿಳಿದ ಕೂಡಲೇ ಜನರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ‘ಎರಡು ಮೂರು ದಿನ ಮಿತಿಮೀರಿ ತಿಂದುಬಿಟ್ಟೆ, ಜೊತೆಗೆ ಕುಡಿದೂ ಆಯಿತು, ಈಗ ಎಷ್ಟು ದಿನ ಉಪವಾಸ ಮಾಡಿದರೆ ಎಲ್ಲವೂ ಹೊರಗೆ ಹೋಗುತ್ತದೆ?’ ಇದನ್ನು ದೂರವಾಣಿಯಲ್ಲಿ ಕೇಳುತ್ತಾರೆ, ಮೆಟ್ಟಿಲಿನ ಮೇಲೆ ತಡೆದು ನಿಲ್ಲಿಸಿ ಕೇಳುತ್ತಾರೆ, ನಾನು ಊಟಕ್ಕೆ ಕುಳಿತಿರುವಾಗ ನನ್ನ ತಟ್ಟೆಯನ್ನೇ ನೋಡುತ್ತಾ ಕೇಳುತ್ತಾರೆ. ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಒಂದು ದಿನವೂ ಬೇಡ. ನಿಮ್ಮ ಮುಂದಿನ ಊಟವನ್ನು ಅದರ ಹೊತ್ತಿಗೆ, ಹಸಿವಾದಾಗ, ಎಂದಿನಂತೆ ಮಾಡಿ.

ಈ ಉತ್ತರ ಯಾರಿಗೂ ರುಚಿಸುವುದಿಲ್ಲ. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎಂಬಂತೆ ನೋಡುತ್ತಾರೆ, ಆಮೇಲೆ ‘ಬರೀ ಹಣ್ಣಿನ ರಸ ಕುಡಿದರೆ?’, ‘ಬರೀ ಬಿಸಿನೀರು ಕುಡಿದರೆ?’ ಎಂದು ಚೌಕಾಸಿಗೆ ಇಳಿಯುತ್ತಾರೆ. ನನಗೆ ಬೇಸರ ತರಿಸುವುದು ಅವರ ಅಜ್ಞಾನವಲ್ಲ, ಪ್ರಶ್ನೆಯನ್ನು ಇಡುವ ರೀತಿ. ದೇಹಕ್ಕೆ ಏನು ಬೇಕು ಎಂದು ಅವರು ಕೇಳುತ್ತಿಲ್ಲ. ತಪ್ಪೊಪ್ಪಿಕೊಂಡವನು ಕಟಕಟೆಯಲ್ಲಿ ನಿಂತು ಶಿಕ್ಷೆಯ ಅವಧಿಯನ್ನು ಕೇಳುವಂತೆ ಕೇಳುತ್ತಿದ್ದಾರೆ. ಹೊಟ್ಟೆ ಬಿರಿಯುವಷ್ಟು ತಿಂದದ್ದು ಅಪರಾಧವಲ್ಲವಾದ್ದರಿಂದ ನಾನು ಶಿಕ್ಷೆ ವಿಧಿಸುವುದಿಲ್ಲ.

‘ಎಲ್ಲವೂ ಹೊರಗೆ ಹೋಗಬೇಕು’ ಎನ್ನುವವರು ಹೊರಗೆ ಹೋಗಬೇಕಾದದ್ದು ಯಾವುದು ಎಂದು ಒಮ್ಮೆಯಾದರೂ ಯೋಚಿಸಬೇಕು. ನೀವು ತಿಂದ ಗಟ್ಟಿ ಆಹಾರ ಜಠರವನ್ನು ದಾಟಲು ನಾಲ್ಕು ಗಂಟೆಯ ಆಸುಪಾಸು ತೆಗೆದುಕೊಳ್ಳುತ್ತದೆ, ಎಣ್ಣೆ ಜಿಡ್ಡು ಹೆಚ್ಚಿದ್ದರೆ ಇನ್ನೂ ತಡವಾಗುತ್ತದೆ. ಮರುದಿನ ಬೆಳಿಗ್ಗೆ ನೀವು ಪಶ್ಚಾತ್ತಾಪದಿಂದ ಏಳುವ ಹೊತ್ತಿಗೆ ಅದರ ಸಾರವೆಲ್ಲ ಸಣ್ಣಕರುಳಿನಿಂದ ರಕ್ತಕ್ಕೆ ಸೇರಿರುತ್ತದೆ. ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಕ್ಕೆ ಕಳಿಸುತ್ತವೆ. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ತನ್ನ ಜೀವಕೋಶಗಳನ್ನು ಬದಲಿಸಿಕೊಳ್ಳುತ್ತದೆ. ಮದ್ಯವನ್ನು ಯಕೃತ್ತು ಮೊದಲು ಅಸಿಟಾಲ್ಡಿಹೈಡ್ ಎಂಬ ಕಟು ವಸ್ತುವಾಗಿಯೂ ಬಳಿಕ ನಿರಪಾಯವಾದ ಅಸಿಟೇಟ್ ಆಗಿಯೂ ಒಡೆಯುತ್ತದೆ; ಗಂಟೆಗೆ ಹೆಚ್ಚುಕಡಿಮೆ ಒಂದು ಸಣ್ಣ ಪೆಗ್ಗಿನಷ್ಟು ಎಂಬ ಅದರ ವೇಗವನ್ನು ಕಾಫಿಯಾಗಲಿ, ತಣ್ಣೀರ ಸ್ನಾನವಾಗಲಿ, ಬೆವರಿಳಿಸುವ ಓಟವಾಗಲಿ ಹೆಚ್ಚಿಸಲಾರವು. ಡಿಟಾಕ್ಸ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಪಥ್ಯಗಳನ್ನು ಪರಾಮರ್ಶಿಸಿ ಕ್ಲೈನ್ ಮತ್ತು ಕಿಯಾಟ್ ಎಂಬ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಲೇಖನವೂ, ಅವುಗಳಿಂದ ವಿಷ ಹೊರಹೋಗುತ್ತದೆ ಎನ್ನಲು ನಂಬಲರ್ಹವಾದ ಪುರಾವೆಯಿಲ್ಲ ಎಂದೇ ಹೇಳಿತು.

ಇಲ್ಲಿ ಒಬ್ಬ ಯುವಕನ ವಿಷಯ ಹೇಳಲೇಬೇಕು. ಸಮಾರಂಭವೊಂದನ್ನು ಮುಗಿಸಿ ಬಂದ ಮರುದಿನವೇ ಅವನು ನನ್ನ ಬಳಿ ಬಂದಿದ್ದ. ತೂಕ ಎರಡು ಕಿಲೋ ಹೆಚ್ಚಿತ್ತು. ‘ಮೇಡಂ, ಇಷ್ಟು ಕೊಬ್ಬು ಕರಗೋದಕ್ಕೆ ಎಷ್ಟು ದಿನ ಬೇಕು?’ ಎಂದು ಕೇಳಿದಾಗ ಅವನ ತುಟಿ ಒಣಗಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ನಾನು ಕಾಗದ ತೆಗೆದು ಅವನ ಎದುರಿಗೇ ಲೆಕ್ಕ ಬರೆದೆ. ಒಂದು ಕಿಲೋ ಕೊಬ್ಬು ಸೇರಲು ಸುಮಾರು 7,700 ಕಿಲೋಕ್ಯಾಲರಿ ಹೆಚ್ಚುವರಿಯಾಗಿ ಬೇಕು. ಎರಡು ಕಿಲೋಗೆ 15,000ಕ್ಕೂ ಹೆಚ್ಚು. ಎಂದರೆ ಸಾಮಾನ್ಯ ವಯಸ್ಕನೊಬ್ಬ ಆರೇಳು ದಿನಗಳಲ್ಲಿ ತಿನ್ನುವಷ್ಟನ್ನು ಅವನು ತನ್ನ ದಿನದ ಊಟದ ಮೇಲೆ ಮತ್ತೂ ತಿಂದಿರಬೇಕಾಗುತ್ತಿತ್ತು. ‘ಅಷ್ಟು ತಿಂದೆಯಾ?’ ಎಂದೆ. ಇಲ್ಲವೆಂದು ತಲೆಯಾಡಿಸಿದ.

ಹಾಗಾದರೆ ಆ ತೂಕ ಎಲ್ಲಿಂದ ಬಂತು? ಸ್ನಾಯುಗಳೂ ಯಕೃತ್ತೂ ಪಿಷ್ಟ ಮತ್ತು ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತವೆ, ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರು ಉಳಿಯುತ್ತದೆ. ಉಪ್ಪಿನದೂ ಇದೇ ಕಥೆ: ದೇಹದಲ್ಲಿ ಹೆಚ್ಚುವರಿಯಾಗಿ ಉಳಿದ ಪ್ರತಿ 9 ಗ್ರಾಂ ಉಪ್ಪು ಸರಿಸುಮಾರು ಒಂದು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇವುಗಳ ಜೊತೆಗೆ ಕರುಳಿನಲ್ಲಿ ಇನ್ನೂ ಸಾಗುತ್ತಿರುವ ಆಹಾರದ ಭಾರವನ್ನು ಸೇರಿಸಿದರೆ ಅವನ ಎರಡು ಕಿಲೋಗೆ ಲೆಕ್ಕ ಸಿಕ್ಕಿಹೋಗುತ್ತದೆ. ಎಂದಿನ ಊಟಕ್ಕೆ ಮರಳಿದರೆ ಕೆಲವು ದಿನಗಳಲ್ಲಿ ಆ ನೀರು ತಾನಾಗಿಯೇ ಇಳಿಯುತ್ತದೆ ಎಂದು ಹೇಳಿದಾಗ ಅವನು ತಲೆ ತಗ್ಗಿಸಿ, ಹಿಂದಿನ ರಾತ್ರಿಯೇ ಭೇದಿ ಮಾತ್ರೆ ನುಂಗಿರುವುದಾಗಿ ಹೇಳಿದ. ನಡುಕದ ಕಾರಣ ಆಗ ತಿಳಿಯಿತು.

ಈ ಮಾತ್ರೆಗಳ ಬಗ್ಗೆ ನಯವಾಗಿ ಹೇಳುವ ತಾಳ್ಮೆ ನನಗಿಲ್ಲ. ಅವು ಮುಖ್ಯವಾಗಿ ಕೆಲಸ ಮಾಡುವುದು ದೊಡ್ಡಕರುಳಿನಲ್ಲಿ. ಕ್ಯಾಲರಿಗಳನ್ನು ಹೀರಿಕೊಳ್ಳುವುದು ಅದಕ್ಕೂ ಮೊದಲೇ ಬರುವ ಸಣ್ಣಕರುಳಿನಲ್ಲಿ. ಆದ್ದರಿಂದ ಹೊರಗೆ ಹೋಗುವುದು ನೀರು, ಸೋಡಿಯಂ ಮತ್ತು ಪೊಟ್ಯಾಸಿಯಂ. ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಬೆರಳು ಹಾಕಿ ವಾಂತಿ ಮಾಡಿಕೊಳ್ಳುವುದು ಇನ್ನೂ ಕೆಟ್ಟದ್ದು. ಹಲ್ಲಿನ ಹೊರಕವಚವನ್ನು ಆಮ್ಲ ತಿನ್ನುತ್ತದೆ, ಅನ್ನನಾಳ ಹರಿಯಲೂಬಹುದು. ಇವೆರಡನ್ನೂ ಯಾರೂ, ಎಂದಿಗೂ, ಯಾವ ನೆಪಕ್ಕೂ ಮಾಡಿಕೊಳ್ಳಬಾರದು.

ಹಾಗಾದರೆ ಏನೂ ಮಾಡದೆ ಕೂರಬೇಕೇ ಎಂದರೆ, ಇಲ್ಲ. ಮಾಡಬಹುದಾದದ್ದು ಬೇಕಾದಷ್ಟಿದೆ, ಎಲ್ಲವೂ ಮೃದುವಾದದ್ದು. ಅತಿಯಾಗಿ ತಿಂದ ರಾತ್ರಿ ಕೂಡಲೇ ಮಲಗಬೇಡಿ. ಎರಡು ಮೂರು ಗಂಟೆ ಕಳೆಯಲಿ, ಸೊಂಟದ ಬಿಗಿ ಸಡಿಲಾಗಲಿ. ಎದೆಯುರಿ, ಹುಳಿತೇಗು ಇದ್ದರೆ ಹಾಸಿಗೆಯ ತಲೆಯ ಭಾಗವನ್ನು ಎತ್ತರಿಸಿ ಎಡ ಮಗ್ಗುಲಿಗೆ ಮಲಗಿ, ಆ ಭಂಗಿಯಲ್ಲಿ ಜಠರದ ಆಮ್ಲ ಅನ್ನನಾಳಕ್ಕೆ ಮರಳುವುದು ಕಡಿಮೆಯಾಗುತ್ತದೆ. ಮಲಗುವ ಮುನ್ನ ಹದಿನೈದು ಇಪ್ಪತ್ತು ನಿಮಿಷ ನಿಧಾನವಾಗಿ ನಡೆದಾಡಿ. ನಡೆಯುವ ಸ್ನಾಯು ಇನ್ಸುಲಿನ್‌ನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳಬಲ್ಲದು. ನಡಿಗೆಯ ಉದ್ದೇಶ ಇಷ್ಟೇ. ತಿಂದದ್ದನ್ನು ‘ಸುಡುವ’ ಹಠದಿಂದ ಓಡಬೇಡಿ.

ಮರುದಿನ ಬೆಳಿಗ್ಗೆ ಹಸಿವಿಲ್ಲದಿದ್ದರೆ ತಿಂಡಿಯನ್ನು ಒತ್ತಾಯದಿಂದ ತಿನ್ನಬೇಕಾಗಿಲ್ಲ. ‘ಲಂಘನಂ ಪರಮೌಷಧಂ’ ಎಂದು ನನ್ನ ಮೇಲೆ ಎಸೆಯುವವರಿಗೂ ಇದೇ ಉತ್ತರ: ಅಜೀರ್ಣವಾಗಿದ್ದಾಗ ಹಸಿವು ಮರಳುವವರೆಗೆ ಕಾಯುವುದು ಒಂದು, ಹಸಿವು ಮರಳಿದ ಮೇಲೂ ಹಟ ಹಿಡಿದು ದಿನಗಟ್ಟಲೆ ಹೊಟ್ಟೆಯನ್ನು ಖಾಲಿ ಬಿಡುವುದು ಬೇರೊಂದು. ಹೊಟ್ಟೆ ಖಾಲಿಯಿರುವಾಗ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಜಠರದಿಂದ ಸಣ್ಣಕರುಳಿನ ಕೊನೆಯ ಕಡೆಗೆ ಸಂಕೋಚನದ ಅಲೆಯೊಂದು ಸಾಗಿ ಉಳಿಕೆಯನ್ನು ಮುಂದೆ ತಳ್ಳುತ್ತದೆ. ಸದಾ ಏನನ್ನಾದರೂ ಮೆಲ್ಲುತ್ತಿದ್ದರೆ ಆ ಅಲೆಗೆ ಎಡೆ ಸಿಗುವುದಿಲ್ಲ. ಹೀಗಾಗಿ ಊಟ ಊಟಗಳ ನಡುವೆ ಬಿಡುವು ಕೊಡಿ, ಊಟವನ್ನೇ ಬಿಡಬೇಡಿ. ಹಸಿವಾದಾಗ ಬೇಯಿಸಿದ ತರಕಾರಿ, ಧಾನ್ಯ, ಜೊತೆಗೆ ಸ್ವಲ್ಪ ಪ್ರೋಟೀನ್ ಇರುವ ಸಾದಾ ಊಟವನ್ನು ಕುಳಿತು, ಅಗಿದು ಮಾಡಿ. ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ. ಮದ್ಯ ಸೇವಿಸಿದ್ದರೆ ತುಸು ಹೆಚ್ಚು ಬೇಕಾಗಬಹುದು, ಏಕೆಂದರೆ ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಗಳಿಗೆ ಹೇಳುವ ಹಾರ್ಮೋನನ್ನು ಮದ್ಯ ತಡೆಯುತ್ತದೆ. ಆದರೆ ‘ತೊಳೆಯುವ’ ಉತ್ಸಾಹದಲ್ಲಿ ಲೀಟರುಗಟ್ಟಲೆ ಒಮ್ಮೆಲೇ ಕುಡಿದರೆ ರಕ್ತದ ಸೋಡಿಯಂ ಕುಸಿದು ಪ್ರಾಣಾಪಾಯವೂ ಆಗಬಹುದು. ತಲೆನೋವಿಗೆಂದು ಕೈಗೆ ಸಿಕ್ಕ ಮಾತ್ರೆ ನುಂಗಬೇಡಿ. ಹೆಚ್ಚು ಕುಡಿದ ಮೇಲೆ ಪ್ಯಾರಾಸಿಟಮಾಲ್ ಯಕೃತ್ತಿಗೆ ಹೊರೆಯಾಗಬಹುದು, ಐಬುಪ್ರೊಫೆನ್ ಜಠರವನ್ನು ಕೆರಳಿಸುತ್ತದೆ.

ಮದ್ಯ ಕುಡಿದು ಮಲಗಿದವರಿಗೆ ನಿದ್ದೆ ಬೇಗ ಬಂದರೂ ರಾತ್ರಿಯ ಉತ್ತರಾರ್ಧದಲ್ಲಿ ಅದು ಒಡೆಯುತ್ತದೆ. ಅದಕ್ಕೆ ಮದ್ದು ಮರುದಿನ ಮಧ್ಯಾಹ್ನದವರೆಗೆ ಮಲಗುವುದಲ್ಲ; ಎಂದಿನ ಹೊತ್ತಿಗೆ ಎದ್ದು ಬೆಳಗಿನ ಬೆಳಕಿಗೆ ಮುಖವೊಡ್ಡಿ, ಆ ರಾತ್ರಿ ಬೇಗ ಮಲಗುವುದು. ಮನಸ್ಸು ಕಸಿವಿಸಿಗೊಂಡಿದ್ದರೆ ಕೆಲವು ನಿಮಿಷ ನಿಧಾನವಾಗಿ ಉಸಿರಾಡಿ, ನಿಮಿಷಕ್ಕೆ ಆರು ಬಾರಿಯ ಆಸುಪಾಸು, ಉಸಿರನ್ನು ಒಳಗೆಳೆಯುವುದಕ್ಕಿಂತ ಬಿಡುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡು. ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ತಗ್ಗುತ್ತದೆ. ಪಚನಕ್ರಿಯೆಯನ್ನು ನಡೆಸುವ ನರಗಳಲ್ಲಿ ಇದೂ ಒಂದು.

ತನ್ನನ್ನು ತಾನು ಬೈದುಕೊಳ್ಳದಿದ್ದರೆ ಶಿಸ್ತು ಕೆಡುತ್ತದೆ ಎನ್ನುವವರಿದ್ದಾರೆ. ಕ್ಲೇರ್ ಆ್ಯಡಮ್ಸ್ ಮತ್ತು ಮಾರ್ಕ್ ಲಿಯರಿ ಎಂಬ ಮನಶ್ಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನೇರ ಉತ್ತರ. ವಿದ್ಯಾರ್ಥಿನಿಯರಿಗೆ ಒಂದೊಂದು ಡೋನಟ್ ತಿನ್ನಿಸಿ, ಕೆಲವರಿಗೆ ಮಾತ್ರ ‘ಇಂಥದ್ದನ್ನು ಎಲ್ಲರೂ ತಿನ್ನುತ್ತಾರೆ, ನಿಮ್ಮ ಮೇಲೆ ಕಠಿಣವಾಗಬೇಡಿ’ ಎಂಬರ್ಥದ ಮಾತು ಹೇಳಲಾಯಿತು. ಬಳಿಕ ಎಲ್ಲರ ಮುಂದೆಯೂ ಸಿಹಿ ಇಡಲಾಯಿತು. ಇಂಥ ತಿನಿಸುಗಳನ್ನು ದೂರವಿಡಲು ಸದಾ ಕಟ್ಟುನಿಟ್ಟಾಗಿ ಹೆಣಗುವವರಲ್ಲಿ, ಆ ಕನಿಕರದ ಮಾತು ಕೇಳಿಸಿಕೊಂಡವರೇ ಕಡಿಮೆ ತಿಂದರು. ಬೈದುಕೊಳ್ಳುವುದು ಮುಂದಿನ ಅತಿರೇಕಕ್ಕೆ ದಾರಿ ಮಾಡಿಕೊಡುವುದನ್ನು ನಾನು ನನ್ನ ಕೆಲಸದಲ್ಲಿ ಕಾಣುತ್ತಲೇ ಇದ್ದೇನೆ.

ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ. ‘ಹಾಗೆ ತಿನ್ನುವುದಕ್ಕೆ ಮೊದಲು ನಾನು ಎಷ್ಟು ದಿನ ಅರೆಹೊಟ್ಟೆಯಲ್ಲಿದ್ದೆ?’ ಎಂದು ಯಾರಾದರೂ ಕೇಳಬಾರದೇ ಎಂದು ನಾನು ಕಾಯುತ್ತಿರುತ್ತೇನೆ. ಆ ಯುವಕನನ್ನು ನಾನೇ ಕೇಳಿದೆ. ಸಮಾರಂಭದಲ್ಲಿ ತೆಳ್ಳಗೆ ಕಾಣಬೇಕೆಂದು ಅವನು ವಾರಗಟ್ಟಲೆ ರಾತ್ರಿಯೂಟ ಬಿಟ್ಟಿದ್ದ, ಹಿಂದಿನ ದಿನವಿಡೀ ‘ಜಾಗ ಉಳಿಸಿಕೊಳ್ಳಲು’ ಏನೂ ತಿಂದಿರಲಿಲ್ಲ, ಸರಿಯಾಗಿ ಮಲಗಿಯೂ ಇರಲಿಲ್ಲ. ನಿದ್ದೆ ಕೆಟ್ಟಾಗ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಏರಬಹುದು, ತೃಪ್ತಿಯನ್ನು ಸೂಚಿಸುವ ಲೆಪ್ಟಿನ್ ಇಳಿಯಬಹುದು. ಅಂಥ ದೇಹದ ಮುಂದೆ ತುಂಬಿದ ತಟ್ಟೆ ಬಂದಾಗ ಅದು ಕೈ ಚಾಚದೆ ಇನ್ನೇನು ಮಾಡೀತು? ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 1944-45ರಲ್ಲಿ ನಡೆಸಿದ ಪ್ರಯೋಗದಲ್ಲಿ 36 ಮಂದಿ ಆರೋಗ್ಯವಂತ ಪುರುಷರು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿದ್ದರು. ಅವರ ಮಾತು, ಕನಸು, ಓದು ಎಲ್ಲವೂ ಆಹಾರದ ಸುತ್ತಲೇ ತಿರುಗತೊಡಗಿತು. ನಿರ್ಬಂಧ ತೆಗೆದ ಮೇಲೆ ಕೆಲವರು ಹೊಟ್ಟೆ ಕೆಡುವಷ್ಟು ತಿಂದರೂ ಹಸಿವು ತಣಿಯಲಿಲ್ಲವೆಂದರು. ನೀವು ನನ್ನಿಂದ ಕೇಳುತ್ತಿರುವ ಮೂರು ದಿನದ ಉಪವಾಸ, ಮುಂದಿನ ಅತಿರೇಕದ ಮೊದಲ ಕಂತು ಎಂದು ನಾನು ಹೇಳುವುದು ಇದಕ್ಕೇ.

ಕೆಲವರಿಗೆ ಈ ಬರಹ ಸಾಲದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಂದು ಹೊತ್ತಿನ ಊಟವನ್ನೂ ಬಿಡಕೂಡದು. ದಿನವೂ ಹೆಚ್ಚು ಕುಡಿಯುವ ಅಭ್ಯಾಸವಿರುವವರು ‘ಶುದ್ಧಿ’ಯ ಹೆಸರಿನಲ್ಲಿ ಒಮ್ಮೆಲೇ ನಿಲ್ಲಿಸಿದರೆ ಸೆಳವು, ಭ್ರಮೆ ಬರಬಹುದು, ಅದು ಆಸ್ಪತ್ರೆಯ ನಿಗಾದಲ್ಲಿ ಆಗಬೇಕಾದ ಕೆಲಸ. ಬೆನ್ನಿಗೆ ಹರಿಯುವ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಕಪ್ಪು ಮಲ, ಎದೆ ಹಿಂಡುವ ನೋವು ಇವು ಅಜೀರ್ಣವೆಂದು ಕಾಯುವ ಲಕ್ಷಣಗಳಲ್ಲ. ವಾರಕ್ಕೊಮ್ಮೆಯಾದರೂ, ಮೂರು ತಿಂಗಳಷ್ಟು ಕಾಲ, ತಡೆಯಲಾರದೆ ತಿಂದು ಆಮೇಲೆ ಕುಗ್ಗಿಹೋಗುತ್ತಿದ್ದರೆ ಅದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರೂ ಇದೆ, ಚಿಕಿತ್ಸೆಯೂ ಇದೆ; ದಯವಿಟ್ಟು ಮನೋವೈದ್ಯರನ್ನು ಕಾಣಿ.

ಉಳಿದವರು ನನ್ನ ಬಳಿ ಬರುವುದೇ ಆದರೆ, ಅತಿಯಾಗಿ ತಿಂದ ದಿನದ ಪಟ್ಟಿಯನ್ನು ತರಬೇಡಿ. ಅದರ ಹಿಂದಿನ ವಾರ ಯಾವ ಯಾವ ಊಟ ಬಿಟ್ಟಿರಿ, ಎಷ್ಟು ಹೊತ್ತಿಗೆ ಮಲಗಿದಿರಿ, ಯಾವ ಚಿಂತೆ ನಿಮ್ಮನ್ನು ಎಚ್ಚರವಿಟ್ಟಿತ್ತು ಎಂಬುದನ್ನು ಬರೆದು ತನ್ನಿ. ಮಾತು ಅಲ್ಲಿಂದ ಶುರುವಾಗಲಿ.